ಕಸದ ಅನಿಲದಿಂದ ವಿದ್ಯುತ್ತು: ಶುದ್ಧೀಕರಣದ ವೆಚ್ಚವೂ ಲೆಕ್ಕಕ್ಕೆ ಬರಲಿ

ಭೂಭರ್ತಿ ತಾಣಗಳಲ್ಲಿ ಹೂತ ಹಸಿ ಕಸವು ಗಾಳಿಯಿಲ್ಲದೆ ಕೊಳೆತಾಗ ಹೊಮ್ಮುವ ಅನಿಲದಲ್ಲಿ ಸುಮಾರು ಅರ್ಧಭಾಗ ಮೀಥೇನ್ ಇರುತ್ತದೆ. ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಅಧಿಕ. ಇಂತಹ ಅನಿಲವನ್ನು ಕೊಳವೆಗಳ ಮೂಲಕ ಸಂಗ್ರಹಿಸಿ, ಎಂಜಿನ್ನುಗಳಲ್ಲಿ ಉರಿಸಿ ವಿದ್ಯುತ್ ಉತ್ಪಾದಿಸುವುದು ಸ್ವಾಗತಾರ್ಹವೇ ಸರಿ. ಆದರೆ ಅಷ್ಟಕ್ಕೇ ಹೊಣೆ ತೀರುವುದಿಲ್ಲ. ಎಂಜಿನ್ನಿನ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡುಗಳು, ಇಂಗಾಲದ ಮಾನಾಕ್ಸೈಡ್ ಹಾಗೂ ಪೂರ್ಣವಾಗಿ ಉರಿಯದ ಸಾವಯವ ಅನಿಲಗಳು ಉಳಿದೇ ಇರುತ್ತವೆ.

ಈ ವಿಷಯದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದ ಅನುಭವ ಗಮನಾರ್ಹವಾದುದು. ಅಲ್ಲಿನ ಸೌತ್ ಕೋಸ್ಟ್ ವಾಯು ಗುಣಮಟ್ಟ ಪ್ರಾಧಿಕಾರವು ಜೈವಿಕ ಅನಿಲದ ಎಂಜಿನ್ನುಗಳಿಗೆ ನೈಟ್ರೋಜನ್ ಆಕ್ಸೈಡಿನ ಮಿತಿಯನ್ನು ದಶಲಕ್ಷಕ್ಕೆ 36 ಭಾಗಗಳಿಂದ 11 ಭಾಗಗಳಿಗೆ ಇಳಿಸಲು 2008ರಲ್ಲಿ ನಿರ್ಣಯಿಸಿತು. 2012ಕ್ಕೆ ಇದ್ದ ಗಡುವನ್ನು ಅನಂತರ 2016ಕ್ಕೆ ಮುಂದೂಡಬೇಕಾಯಿತು.

ಇದಕ್ಕೆ ಕಾರಣವಿಲ್ಲದಿಲ್ಲ. ಶಾಂಪೂ, ಸೌಂದರ್ಯವರ್ಧಕ ಮುಂತಾದವುಗಳಿಂದ ಕಸಕ್ಕೆ ಸೇರುವ ಸಿಲಾಕ್ಸೇನ್ ಎಂಬ ವಸ್ತುವು ಉರಿದಾಗ ಮರಳಿನಂತಹ ಸಿಲಿಕಾ ಆಗಿ ಎಂಜಿನ್ನಿನೊಳಗೆ ಅಂಟಿಕೊಳ್ಳುತ್ತದೆ; ಹೊಗೆಯನ್ನು ಶುದ್ಧಗೊಳಿಸುವ ವೇಗವರ್ಧಕವನ್ನೂ ನಿಷ್ಕ್ರಿಯಗೊಳಿಸುತ್ತದೆ. ಆದುದರಿಂದ ಮೊದಲು ಅನಿಲವನ್ನು ಶುದ್ಧೀಕರಿಸಿ, ಬಳಿಕ ಹೊಗೆಯನ್ನು ಶುದ್ಧೀಕರಿಸಬೇಕು. ಆರೆಂಜ್ ಕೌಂಟಿಯ ಕೊಳಚೆ ನೀರಿನ ಘಟಕವೊಂದರಲ್ಲಿ ಈ ಜೋಡಿ ವ್ಯವಸ್ಥೆಯನ್ನು ಪ್ರಯೋಗಿಸಲಾಯಿತು. ಭೂಭರ್ತಿ ಅನಿಲವಾದರೋ ಕೊಳಚೆಯ ಅನಿಲಕ್ಕಿಂತ ಹೆಚ್ಚು ಮಿಶ್ರವಾದುದು.

ಹೊಸ ಮಿತಿಯ ವೆಚ್ಚ ಆದಾಯವನ್ನು ಮೀರಿದರೆ ಎಂಜಿನ್ ನಿಲ್ಲಿಸಿ ಅನಿಲವನ್ನು ಬಯಲಿನಲ್ಲೇ ಸುಡುವುದು ಲೇಸೆಂಬ ವಾದವನ್ನು ತಳ್ಳಿಹಾಕಲಾಗದು. ಹಾಗೆ ಸುಟ್ಟರೆ ವಿದ್ಯುತ್ತೂ ಇಲ್ಲ, ಹೊಗೆಯೂ ಪೂರ್ತಿ ತಪ್ಪದು. ಹಾಗೆಂದು ಸುತ್ತಲಿನ ನಿವಾಸಿಗಳ ಶ್ವಾಸಕೋಶವು ಘಟಕದ ಲಾಭಕ್ಕೆ ಸಹಾಯಧನವಾಗಬಾರದು.

ಪರಿಹಾರವು ಟೆಂಡರಿನ ಹಂತದಲ್ಲೇ ಇದೆ. ಶುದ್ಧೀಕರಣ ಯಂತ್ರದ ಬಂಡವಾಳ ವೆಚ್ಚವನ್ನೂ, ಪದೇ ಪದೇ ಬದಲಿಸಬೇಕಾದ ಸಕ್ರಿಯ ಇದ್ದಿಲಿನ ಆವರ್ತಕ ವೆಚ್ಚವನ್ನೂ ಪ್ರತ್ಯೇಕವಾಗಿ ತೋರಿಸಿ ವಿದ್ಯುತ್ ದರದಲ್ಲಿ ಸೇರಿಸಬೇಕು. ತಾಣ ಮುಚ್ಚಿದ ಮೇಲೆ ಅನಿಲವು ವರ್ಷದಿಂದ ವರ್ಷಕ್ಕೆ ಕುಗ್ಗುವುದರಿಂದ, ಬಂಡವಾಳದ ವಸೂಲಿಯನ್ನು ಯಂತ್ರದ ಆಯುಷ್ಯಕ್ಕಲ್ಲ, ಅನಿಲದ ಆಯುಷ್ಯಕ್ಕೆ ಹೊಂದಿಸಬೇಕು. ಶುದ್ಧ ಅನಿಲದಿಂದ ಎಂಜಿನ್ ದುರಸ್ತಿಯಲ್ಲಾಗುವ ಉಳಿತಾಯವನ್ನು ಜಮೆಯ ಬದಿಗೆ ಬರೆಯುವುದೂ ನ್ಯಾಯ.

ನಮ್ಮ ರಾಜ್ಯಕ್ಕೂ ಇದರಲ್ಲಿ ಪಾಠವಿದೆ. ಗ್ರಾಮಸ್ಥರ ಹೋರಾಟದ ಫಲವಾಗಿ 2014ರಲ್ಲಿ ಬೆಂಗಳೂರಿನ ಕಸ ಮಂಡೂರಿಗೆ ಹೋಗುವುದು ನಿಂತಿತು. ಊರವರು ತೆರುವ ಬೆಲೆಯನ್ನು ಲೆಕ್ಕಪುಸ್ತಕದಿಂದ ಹೊರಗಿಟ್ಟರೆ ಅದು ಮುಂದೊಂದು ದಿನ ಬಡ್ಡಿಸಮೇತ ಎದುರು ನಿಲ್ಲುತ್ತದೆ. ಕಸದಿಂದ ವಿದ್ಯುತ್ ತೆಗೆಯಹೊರಡುವ ನಗರಸಂಸ್ಥೆಗಳೂ ಉದ್ಯಮಿಗಳೂ ಶುದ್ಧ ಗಾಳಿಯ ಖರ್ಚನ್ನು ಮೊದಲ ಪುಟದಲ್ಲೇ ನಮೂದಿಸುವುದು ಲೇಸು.