ಶೇಕಡಾ ಅರವತ್ತರ ಹೊಸ್ತಿಲು



ಪ್ರತಿ ವರ್ಷ ಫಲಿತಾಂಶದ ದಿನಗಳು ಬಂದಾಗ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿ ಒಂದು ತೀರ್ಪು ಹೊರಬೀಳುತ್ತದೆ. "ಇವಂಗ ನಲವತ್ತೆಂಟ ಪರ್ಸೆಂಟ್ ಬಿದ್ದಾವ್ರೀ. ಬ್ಯಾಂಕು, ಸಿ.ಎ. ಅಂತ ಕನಸ ಕಾಣೂದು ಬ್ಯಾಡ, ಮಗ್ಗದ ಮುಂದ ಕುಂದರ್ಲಿ." ಮಗ್ಗವನ್ನು ಶಿಕ್ಷೆಯಂತೆ ವಿಧಿಸುವುದು ಮಗ್ಗಕ್ಕೂ ಅವಮಾನ, ಅದು ಹಾಗಿರಲಿ. ಈ ತೀರ್ಪೇ ಅಜ್ಞಾನದಿಂದ ಹುಟ್ಟಿದ್ದು ಎಂಬುದು ನನ್ನ ವಾದ.

ಸಂಗತಿಗಳನ್ನೇ ನೋಡೋಣ. ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಪ್ರೊಬೇಷನರಿ ಅಧಿಕಾರಿಗಳನ್ನು ಆರಿಸಿಕೊಡುವ ಐ.ಬಿ.ಪಿ.ಎಸ್. ಸಂಸ್ಥೆಯು ಯಾವುದೇ ವಿಷಯದ ಪದವಿಯನ್ನು ಕೇಳುತ್ತದೆಯೇ ಹೊರತು, ಅದರಲ್ಲಿ ಶೇಕಡಾ ಇಷ್ಟು ಬಂದಿರಲೇಬೇಕೆಂದು ಕೇಳುವುದಿಲ್ಲ. ಸ್ಟೇಟ್ ಬ್ಯಾಂಕಿನ ಕ್ರಮವೂ ಅದೇ. ಪೂರ್ವಭಾವಿ ಪರೀಕ್ಷೆಯಲ್ಲಿ 60 ನಿಮಿಷಕ್ಕೆ 100 ಪ್ರಶ್ನೆಗಳು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗದಷ್ಟು ಅಂಕ ಕಡಿತ. ಕಠಿಣವೇ ಸರಿ, ಆದರೆ ಅದು ಇಂದಿನ ನಿಮ್ಮನ್ನು ಅಳೆಯುತ್ತದೆ, ಹದಿನಾರರ ಹರೆಯದ ನಿಮ್ಮನ್ನಲ್ಲ.

ಇನ್ನು ಸಿ.ಎ. ಶಿಕ್ಷಣ. ವಾಣಿಜ್ಯ ಪದವಿಯಲ್ಲಿ ಶೇಕಡಾ 55 ಪಡೆದವರಿಗೆ ಇಂಟರ್‌ಮೀಡಿಯೆಟ್ ಹಂತಕ್ಕೆ ನೇರ ಪ್ರವೇಶವುಂಟು. ಅಷ್ಟು ಬಾರದವರು ಫೌಂಡೇಶನ್ ಎಂಬ ಮೊದಲ ಮೆಟ್ಟಿಲನ್ನು ಹತ್ತಿ ಬರಬೇಕು, ಅಷ್ಟೆ. ಅದನ್ನು ಬರೆಯಲು ದ್ವಿತೀಯ ಪಿ.ಯು.ಸಿ. ತೇರ್ಗಡೆಯಾಗಿದ್ದರೆ ಸಾಕು. ಪತ್ರಿಕೆಗಳು ನಾಲ್ಕು, ಪ್ರತಿಯೊಂದರಲ್ಲಿ ಶೇಕಡಾ 40, ಒಟ್ಟಿನಲ್ಲಿ 50 ಬರಬೇಕು. 2024ರಿಂದ ಈ ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ. ಬಿ.ಕಾಂ.ನಲ್ಲಿ 54 ಬಂದದ್ದಕ್ಕೆ ಸಿ.ಎ. ಆಸೆಯನ್ನೇ ಕೈಬಿಟ್ಟ ಹುಡುಗಿಯರನ್ನು ನಾನು ಬಲ್ಲೆ. ಒಂದು ಅಂಕಕ್ಕಾಗಿ ಬಾಗಿಲು ಮುಚ್ಚಿತೆಂದು ಅವರಿಗೆ ಹೇಳಿದವರು ಯಾರೋ, ಪಕ್ಕದಲ್ಲೇ ಮೆಟ್ಟಿಲಿದೆಯೆಂದು ಹೇಳಲಿಲ್ಲ.

ಎಲ್ಲ ಬಾಗಿಲುಗಳೂ ತೆರೆದಿವೆಯೆಂದು ನಾನು ಹೇಳುತ್ತಿಲ್ಲ. ರಿಸರ್ವ್ ಬ್ಯಾಂಕಿನ 'ಬಿ' ದರ್ಜೆಯ ಅಧಿಕಾರಿಯಾಗಲು ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇಕಡಾ 60 ಬೇಕು. ಬೆಂಗಳೂರಿನ ಐ.ಐ.ಎಂ. ಸಂದರ್ಶನಕ್ಕೆ ಕರೆಯುವಾಗ ಹತ್ತು ಮತ್ತು ಹನ್ನೆರಡನೆಯ ತರಗತಿಗಳ ಅಂಕಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹೆಚ್ಚಿನ ಸಂಬಳ ಕೊಡುವ ಎಷ್ಟೋ ಖಾಸಗಿ ಸಂಸ್ಥೆಗಳು ಕಾಲೇಜಿಗೆ ನೇಮಕಾತಿಗೆಂದು ಬಂದಾಗ ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಪದವಿ ಮೂರರಲ್ಲೂ ಅರವತ್ತು ಇದ್ದವರಷ್ಟೇ ಒಳಗೆ ಬನ್ನಿ ಎನ್ನುತ್ತವೆ. ನನ್ನ ಜಗಳವಿರುವುದು ಈ ಕೊನೆಯವರೊಡನೆ.

ಅವರ ಸಮರ್ಥನೆ ನನಗೆ ಗೊತ್ತು. ಅರ್ಜಿಗಳು ಸಾವಿರಾರು, ಎಲ್ಲರನ್ನೂ ಪರೀಕ್ಷಿಸಲಾಗದು, ಜರಡಿ ಬೇಕೇ ಬೇಕು ಎನ್ನುತ್ತಾರೆ. ಲಕ್ಷಾಂತರ ಅರ್ಜಿಗಳು ಬರುವ ಐ.ಬಿ.ಪಿ.ಎಸ್.ಗೆ ಈ ಜರಡಿಯ ಅಗತ್ಯ ಬೀಳಲಿಲ್ಲವಲ್ಲ? ಅದು ಎಲ್ಲರನ್ನೂ ಗಣಕಯಂತ್ರದ ಮುಂದೆ ಒಂದು ಗಂಟೆ ಕೂರಿಸುತ್ತದೆ. ಹಾಗೆ ಮಾಡಲು ಖರ್ಚು ತಗಲುತ್ತದೆ. ಹಳೆಯ ಅಂಕಪಟ್ಟಿ ನೋಡಲು ಖರ್ಚಿಲ್ಲ. ಇಷ್ಟೇ ಇದರ ಗುಟ್ಟು. ಅಂಕಗಳು ಶಿಸ್ತಿನ ಗುರುತು ಎನ್ನುವವರೂ ಇದ್ದಾರೆ. ಬನಹಟ್ಟಿಯ ಪವರ್‌ಲೂಮ್ ಸದ್ದಿನಲ್ಲಿ, ರಾತ್ರಿ ಪಾಳಿಯಲ್ಲಿ ತಂದೆಗೆ ನೆರವಾಗಿ ಬೆಳಿಗ್ಗೆ ಶಾಲೆಗೆ ಬರುತ್ತಿದ್ದ ಹುಡುಗನಲ್ಲಿ ಶಿಸ್ತಿರಲಿಲ್ಲವೆಂದು ಯಾವ ಬಾಯಿಂದ ಹೇಳುವುದು? ಎಷ್ಟು ನೂಲು ಬಂತು, ಎಷ್ಟು ಸೀರೆ ಇಳಿಯಿತು, ಮಜೂರಿಯಲ್ಲಿ ಮುಂಗಡ ಎಷ್ಟು ಮುರಿಯಿತು ಎಂಬ ಲೆಕ್ಕವನ್ನು ಅವನು ಬಾಯಲ್ಲೇ ಹೇಳುತ್ತಿದ್ದ. ಮುಧೋಳದ ಕಬ್ಬು ಬೆಳೆಗಾರನ ಮಗಳಿಗೆ ಬಡ್ಡಿಯೆಂದರೇನೆಂದು ಪಠ್ಯಪುಸ್ತಕ ಕಲಿಸಬೇಕಾಗಿರಲಿಲ್ಲ. ಕಬ್ಬು ಕಾರ್ಖಾನೆಗೆ ಹೋದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ತಡವಾದಾಗಲೆಲ್ಲ ಮನೆಯಲ್ಲಿ ಕೈಗಡದ ಬಡ್ಡಿ ಏರುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಬೀಳಗಿ ಕಡೆಯ ಮನೆಗಳಲ್ಲಿ ಆಲಮಟ್ಟಿ ಹಿನ್ನೀರಿನ ಪರಿಹಾರದ ಹಣ ಬಂದು, ಕರಗಿಯೂ ಹೋಯಿತು. ಅದನ್ನು ಎಲ್ಲಿ ಇಡಬೇಕೆಂದು ನಮ್ಮ ಮಾತಿನಲ್ಲಿ ಹೇಳಬಲ್ಲವನೊಬ್ಬ ಬ್ಯಾಂಕಿನೊಳಗೆ ಕುಳಿತಿದ್ದರೆ ಎಷ್ಟು ಉಪಕಾರವಾಗುತ್ತಿತ್ತು!

ಇದಕ್ಕೆ ವಿರುದ್ಧ ದಿಕ್ಕಿನ ಉಪದೇಶಕರ ಬಗ್ಗೆಯೂ ನನಗೆ ಸಹನೆಯಿಲ್ಲ. "ಅಂಕಗಳಿಂದ ಏನೂ ಆಗುವುದಿಲ್ಲ, ನಿಖಿಲ್ ಕಾಮತ್ ಶಾಲೆಯನ್ನೇ ಬಿಟ್ಟವರು" ಎನ್ನುತ್ತಾರೆ. ನಿಜ, ಶಾಲೆ ಬಿಟ್ಟ ಅವರು 2010ರಲ್ಲಿ ಅಣ್ಣ ನಿತಿನ್ ಅವರೊಡನೆ ಬೆಂಗಳೂರಿನಲ್ಲಿ ಜೆರೋಧಾ ಕಟ್ಟಿದರು. ಕೋಟಿಗೊಬ್ಬರ ಕತೆಯನ್ನು ದಾರಿದೀಪವೆಂದು ಮಾರುವವರು, ಅದರ ಜೊತೆಗೆ ಮೂರು ತಿಂಗಳ ಷೇರುಪೇಟೆ ತರಬೇತಿಯನ್ನೂ ಮಾರುತ್ತಾರೆಂಬುದನ್ನು ಗಮನಿಸಿ. ನಲವತ್ತೆಂಟು ಬಂದ ಹುಡುಗ ಅರವತ್ತೆಂಟು ಬಂದವನಿಗಿಂತ ಹೆಚ್ಚು ಓದಬೇಕು, ವಿಶೇಷವಾಗಿ ಇಂಗ್ಲಿಷನ್ನು.

ಇಂಗ್ಲಿಷ್ ಎಂದಾಗ ಇನ್ನೊಂದು ಮಾತು. 2019ರಿಂದ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಾಯಿತು. 2021ರ ಕೇಂದ್ರದ ನಿರ್ಧಾರದಿಂದ ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಿಗೂ ಅದು ವಿಸ್ತರಿಸಿತು. ಅಧಿಕಾರಿ ಹುದ್ದೆಯ ಪರೀಕ್ಷೆಗೂ ಸಿ.ಎ. ಪರೀಕ್ಷೆಗೂ ಇಂಗ್ಲಿಷ್ ಅಥವಾ ಹಿಂದಿಯೇ ಗತಿ. ಗುಮಾಸ್ತನಾಗಲು ಕನ್ನಡ ಸಾಕು, ಅಧಿಕಾರಿಯಾಗಲು ಸಾಲದು ಎಂಬುದು ಯಾವ ನ್ಯಾಯ?

ಈಗ ಬೆಂಗಳೂರು, ಪುಣೆ, ಮುಂಬಯಿಗಳಲ್ಲಿರುವ ಶಿಷ್ಯರಿಗೆ. ನಿಮ್ಮಲ್ಲಿ ಕೆಲವರು ಇಂದು ಆ ಜರಡಿಯನ್ನು ಹಿಡಿದ ಕೈಗಳೇ ಆಗಿದ್ದೀರಿ. ಮುಂದಿನ ನೇಮಕಾತಿಯ ಕರಡು ನಿಮ್ಮ ಮೇಜಿಗೆ ಬಂದಾಗ ಅರವತ್ತರ ಆ ಸಾಲನ್ನು ಹೊಡೆದು ಹಾಕಿ, ಒಂದು ಗಂಟೆಯ ಪರೀಕ್ಷೆಯನ್ನಿಡಿ. ಪ್ರಶ್ನೆಪತ್ರಿಕೆ ತೆಗೆಯಲು ಆಳು ಸಿಗದಿದ್ದರೆ, ಜಮಖಂಡಿಯಲ್ಲಿ ನಿವೃತ್ತ ಮಾಸ್ತರನೊಬ್ಬ ಬಿಡುವಾಗಿಯೇ ಕುಳಿತಿದ್ದಾನೆ.