ಗೂಡಿನ ಬೆಲೆಯೂ ಕೂಲಿಯ ಬೆಲೆಯೂ

ಮೊದಲು ನಾಡು ಒಂದಾಗಲಿ, ಕೂಲಿಕಾರರ ಮಾತನ್ನು ಆಮೇಲೆ ನೋಡಿಕೊಳ್ಳೋಣವೆಂದು ಹೇಳುವ ಮಹನೀಯರು ನಮ್ಮಲ್ಲಿ ಬಹು ಮಂದಿ ಇದ್ದರು. 1956ನೆಯ ನವೆಂಬರು 1ರಂದು ನಾಡು ಒಂದಾಯಿತು; 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಆದರೆ ಆ ‘ಆಮೇಲೆ’ ಎಂಬ ದಿನವು ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳ ಬಾಗಿಲಿಗೆ ಇನ್ನೂ ಬಂದಿಲ್ಲವೆಂದು ನಾವು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇವೆ.

ಐರ್ಲೆಂಡಿನ ಹೆಸರೆತ್ತಿದರೆ ನಮ್ಮ ದೇಶಭಕ್ತರಿಗೆ ರೋಮಾಂಚವಾಗುವುದುಂಟು. ಅದೇ ಐರ್ಲೆಂಡಿನ ಜೇಮ್ಸ್ ಕಾನೊಲಿ ಎಂಬ ಕೂಲಿಕಾರರ ನಾಯಕನು 1897ರಷ್ಟು ಹಿಂದೆಯೇ ತನ್ನ ಜನರಿಗೆ ಎಚ್ಚರ ಹೇಳಿದ್ದನು: ಇಂಗ್ಲಿಷರ ಸೈನ್ಯವನ್ನು ಓಡಿಸಿ ಕೋಟೆಯ ಮೇಲೆ ಹಸಿರು ಬಾವುಟವನ್ನು ಹಾರಿಸಿದ ಮಾತ್ರಕ್ಕೆ ಏನೂ ಆಗದು, ಜಮೀನುದಾರನೂ ಬಂಡವಳಿಗನೂ ಇದ್ದಂತೆಯೇ ಇದ್ದರೆ ದಾಸ್ಯವೂ ಇದ್ದಂತೆಯೇ ಇರುವುದು ಎಂದು. 1913ರಲ್ಲಿ ಡಬ್ಲಿನ್ ನಗರದ ಧನಿಕರು ಒಟ್ಟುಗೂಡಿ, ಸಂಘವನ್ನು ಬಿಡಲೊಲ್ಲದ ಸುಮಾರು 20,000 ಮಂದಿಯನ್ನು ಕೆಲಸದಿಂದ ಹೊರಗಟ್ಟಿ ಬೀಗ ಹಾಕಿದರು. ಬೀಗ ಹಾಕಿಸಿದ ಮುಖಂಡ ವಿಲಿಯಂ ಮಾರ್ಟಿನ್ ಮರ್ಫಿ ಯಾವ ದೇಶದವನು? ಐರಿಷನೇ, ಸ್ವರಾಜ್ಯವಾದಿಗಳ ಪಂಗಡದವನೇ! ತಿಂಗಳುಗಟ್ಟಲೆ ಉಪವಾಸವಿದ್ದು ಸೋತ ಕೂಲಿಕಾರರ ಪಾಳೆಯದಿಂದಲೇ 1916ರ ದಂಗೆಗೆ ಕಾನೊಲಿ ಹೊರಟನು. ಗಾಯಗೊಂಡಿದ್ದ ಅವನನ್ನು ಕುರ್ಚಿಗೆ ಕಟ್ಟಿ ಗುಂಡಿಟ್ಟರು. ಸ್ವತಂತ್ರವಾದ ಅದೇ ದೇಶವು 2008ರಲ್ಲಿ ತನ್ನ ಬ್ಯಾಂಕುಗಳ ಸಾಲಕ್ಕೆ ತಾನೇ ಹೊಣೆ ನಿಂತು, ಆ ಭಾರವನ್ನು ಪ್ರಜೆಗಳ ಹೆಗಲಿಗೆ ಏರಿಸಿತು. ಬಾವುಟ ಹಸಿರಾಗಿಯೇ ಇತ್ತು.

ಇನ್ನು ನಮ್ಮ ಸೀಮೆಗೆ ಬರೋಣ. 1929ರಲ್ಲಿ ಲೋಕಕ್ಕೆಲ್ಲ ಮುಗ್ಗಟ್ಟು ಬಡಿದಾಗ ಜಪಾನಿನ ಮತ್ತು ಚೀನದ ಅಗ್ಗದ ರೇಷ್ಮೆ ಬಂದು ಮೈಸೂರು ಸಂಸ್ಥಾನದ ಹುಳು ಸಾಕುವವರ ಬೆನ್ನು ಮುರಿಯಿತು. ಹಿಪ್ಪುನೇರಳೆಯ ತೋಟಗಳನ್ನು ಕಿತ್ತುಹಾಕಿದರು. ಸುಂಕ ಮಂಡಲಿಯ ವಿಚಾರಣೆ ನಡೆದು 1934ರಲ್ಲಿ ರಕ್ಷಣಾಸುಂಕ ಬಂದಿತು. ಎಂಬತ್ತು ವರ್ಷವೂ ಕಳೆಯಲಿಲ್ಲ, 2011ರ ಮುಂಗಡಪತ್ರದಲ್ಲಿ ಕೇಂದ್ರ ಸರಕಾರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ ಒಮ್ಮೆಗೇ 5ಕ್ಕೆ ಇಳಿಸಿತು. ಗೂಡಿನ ಬೆಲೆ ನೆಲ ಕಚ್ಚಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಿದರು. ದೆಹಲಿಯ ಒಂದು ಗೀಟಿಗೆ ಶಿಡ್ಲಘಟ್ಟ, ಚಿಂತಾಮಣಿಗಳ ಒಲೆ ಆರುವುದೂ ಉರಿಯುವುದೂ ಆಯಿತು.

ಈ ಸುಂಕದ ಜಗಳದಲ್ಲಿ ಗೂಡು ಬೆಳೆಯುವ ರೈತನು ಮಾತಾಡಿದನು. ನೂಲು ಬಿಚ್ಚಾಣಿಕೆಯ ಯಜಮಾನನು ಮಾತಾಡಿದನು. ಅಗ್ಗದ ನೂಲು ಬೇಕೆಂದು ನೇಕಾರನೂ ಮಾತಾಡಿದನು. ಕುದಿನೀರಿನಲ್ಲಿ ಬೆಂದ ಗೂಡಿನ ಎಳೆಯನ್ನು ಬೆರಳಿನಿಂದ ಹುಡುಕಿ ತೆಗೆಯುವ ಹೆಂಗಸು ಮಾತ್ರ ಎಲ್ಲಿಯೂ ಮಾತಾಡಲಿಲ್ಲ. ಬೆಲೆ ಬಿದ್ದರೆ ಮೊದಲು ಬೀಳುವುದು ಅವಳ ಕೂಲಿ. ಬೆಲೆ ಏರಿದರೆ ಕೊನೆಗೆ ಏರುವುದೂ ಅದೇ, ಏರಿದರೆ. ಚರಕದ ಮುಂದೆ ದಿನವಿಡೀ ಕುಳಿತು, ಹುಳುವಿನ ನಾತವನ್ನೂ ಆವಿಯನ್ನೂ ಉಸಿರಾಡಿ ಕೈಯ ತೊಗಲು ಸುಲಿಸಿಕೊಂಡವರ ನೂಲನ್ನೇ ನಾವು ಮದುವೆಯ ಸೀರೆಯಲ್ಲಿ ಮೆಚ್ಚುವುದು. ಜೀತವನ್ನು 1976ರ ಕಾನೂನು ರದ್ದುಗೊಳಿಸಿತು. ಆದರೂ ಮುಂಗಡ ಸಾಲಕ್ಕೆ ಕಟ್ಟುಬಿದ್ದ ಮಕ್ಕಳು ರೇಷ್ಮೆಯ ಕೆಲಸದಲ್ಲಿ ದುಡಿಯುತ್ತಿರುವುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಪರದೇಶದ ಸಂಸ್ಥೆಯೊಂದು ಬಂದು ಲೋಕಕ್ಕೆ ಹೇಳಬೇಕಾಯಿತು. ನಮ್ಮ ಕಣ್ಣುಗಳು ಆಗ ಎಲ್ಲಿದ್ದುವು?

ಈ ಸೀಮೆಯ ಜನರಿಗೆ ಧೈರ್ಯವಿಲ್ಲವೆಂದು ಯಾರೂ ಹೇಳಲಾರರು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ನೆಯ ಏಪ್ರಿಲ್ 25ರಂದು ಬಾವುಟಕ್ಕಾಗಿ ಗುಂಡಿಗೆ ಎದೆಯೊಡ್ಡಿದವರು ಹಳ್ಳಿಯ ಸಾಮಾನ್ಯರು. ಅತ್ತ ಕೋಲಾರದ ಚಿನ್ನದ ಗಣಿಯ ಕೂಲಿಕಾರರು 1930ರಲ್ಲಿಯೇ ಮುಷ್ಕರ ಹೂಡಿದ್ದರು. 1946ರ ನವೆಂಬರಿನಲ್ಲಿ ಅವರಲ್ಲಿ ಆರು ಮಂದಿ ಪೊಲೀಸರ ಗುಂಡಿಗೆ ಬಿದ್ದರು. ವಿದುರಾಶ್ವತ್ಥಕ್ಕೆ ನಾವು ಪ್ರತಿ ವರ್ಷ ಕೈಮುಗಿಯುತ್ತೇವೆ, ಮುಗಿಯತಕ್ಕದ್ದೇ. ಗಣಿಯ ಆರು ಮಂದಿಯನ್ನು ನಮ್ಮ ಪಾಠಶಾಲೆಗಳಲ್ಲಿ ನೆನೆಯುವವರಾರು?

ಇವರು ಕನ್ನಡಿಗರೇ ಅಲ್ಲ, ಮನೆಯಲ್ಲಿ ತೆಲುಗು, ಉರ್ದು, ತಮಿಳು ಆಡುವವರು ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಕೋಲಾರ ಸೀಮೆಯಲ್ಲಿ ತೆಲುಗರೇ ಹೆಚ್ಚೆಂಬುದನ್ನು ತಿಳಿದೂ 1955ರಲ್ಲಿ ಪುನರ್ವಿಂಗಡಣಾ ಆಯೋಗವು ಆ ನೆಲವನ್ನು ಕನ್ನಡ ನಾಡಿನಲ್ಲಿಯೇ ಉಳಿಸಿತು, ನಾವು ಸಂತೋಷಪಟ್ಟೆವು. ನೆಲ ನಮ್ಮದು, ಅದರ ಮೇಲೆ ಬೆವರು ಸುರಿಸುವವನು ಪರಕೀಯನು ಎಂಬುದು ಯಾವ ನ್ಯಾಯ? ಇತ್ತ ಭಾಷೆಯ ಮಾತೆಲ್ಲ ಮಧ್ಯಮವರ್ಗದ ಹುಚ್ಚೆಂದು ನಗುವ ಎಡಪಂಥದ ಗೆಳೆಯರಿಗೂ ಒಂದು ಮಾತು: ಬಿ. ವಿ. ಕಕ್ಕಿಲ್ಲಾಯರು ಕಮ್ಯುನಿಸ್ಟರಾಗಿದ್ದುಕೊಂಡೇ ಏಕೀಕರಣಕ್ಕೆ ದುಡಿದವರು.

ನವೆಂಬರು ಬಂತೆಂದರೆ ನಮ್ಮ ತರುಣರು ಅಂಗಡಿಯ ಹಲಗೆ ಕನ್ನಡದಲ್ಲಿದೆಯೇ ಎಂದು ಚಿಕ್ಕಬಳ್ಳಾಪುರದ ಬೀದಿಬೀದಿ ತಿರುಗುತ್ತಾರೆ, ಒಳ್ಳೆಯದು. ಇನ್ನು ಮುಂದೆ ನೂಲು ಬಿಚ್ಚುವ ಮನೆಗಳ ಒಳಕ್ಕೂ ಹೋಗಿ, ಕೂಲಿಯ ಲೆಕ್ಕದ ಪುಸ್ತಕವು ಕೂಲಿಯವಳಿಗೆ ಓದಿ ತಿಳಿಯುವ ಅಕ್ಷರದಲ್ಲಿದೆಯೇ, ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಅದರಲ್ಲಿ ಬರೆದಿದೆಯೇ ಎಂದು ಕೇಳಲಿ. ಉಪಾಧ್ಯಾಯರು ಹಾಜರಿ ಪಟ್ಟಿಯನ್ನು ತೆಗೆದು, ಬಾರದ ಮಕ್ಕಳು ಯಾವ ಬಾಣಲೆಯ ಮುಂದೆ ಕುಳಿತಿದ್ದಾರೆಂಬುದನ್ನು ಹೆಸರು ಹಿಡಿದು ವಿಚಾರಿಸಲಿ.