ಕೆತ್ತುವವನ ಕೈಗೆ ಕಲ್ಲು ಬರಲಿ

ನಮ್ಮ ರಾಜ್ಯ ಸರ್ಕಾರ 2021ರಿಂದೀಚೆಗೆ ಜನವರಿ 1ನ್ನು ಅಮರಶಿಲ್ಪಿ ಜಕಣಾಚಾರಿಯ ಸಂಸ್ಮರಣ ದಿನವೆಂದು ಗೊತ್ತುಮಾಡಿದೆ. ಜಕಣಾಚಾರಿಯ ಹೆಸರಿನಲ್ಲಿ ಪ್ರಶಸ್ತಿಯೂ ಇದೆ. ಶಿಲ್ಪಿಯನ್ನು ನೆನೆಯುವುದು ಬೇಡವೆಂದು ನಾವು ಹೇಳುವುದಿಲ್ಲ. ಹಾರ ತುರಾಯಿಗಳ ಬಗ್ಗೆಯೂ ನಮ್ಮ ತಕರಾರಿಲ್ಲ. ಆದರೆ ಶಾಲು ಹೊದ್ದು ಮನೆಗೆ ಮರಳಿದ ಶಿಲ್ಪಿ ಮರುದಿನ ಕೆಲಸಕ್ಕೆ ಕುಳಿತಾಗ ಅವನ ಮುಂದಿರುವ ಕಲ್ಲು ಯಾರದು, ಮರ ಯಾರದು, ಲೋಹ ಯಾರದು ಎಂಬ ಪ್ರಶ್ನೆಯೊಂದಿದೆ. ಈ ವಾರ ಆ ಪ್ರಶ್ನೆಯನ್ನೇ ನಮ್ಮ ಓದುಗರ ಮುಂದಿಡಬಯಸುತ್ತೇವೆ.

ಗಿರಣಿಯಲ್ಲಿ ದುಡಿಯುವವನಿಗೂ ಪೇಟೆಯಲ್ಲಿ ಸಣ್ಣ ಅಂಗಡಿಯಿಟ್ಟವನಿಗೂ ವಿಗ್ರಹ ಕೆತ್ತುವವನ ಗೊಡವೆ ಏಕೆಂದು ಕೆಲವರು ಕೇಳಬಹುದು. ಗಿರಣಿಯ ಯಂತ್ರ ಕಾರ್ಮಿಕನದಲ್ಲ, ಹತ್ತಿಯೂ ಅವನದಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತು. ಆದುದರಿಂದಲೇ ಅವನು ಸಂಘ ಕಟ್ಟಿದ, ಮಜೂರಿ ಕೇಳಿದ. ಶಿಲ್ಪಿಯ ಪಾಡು ಬೇರೆ. ಉಳಿ ಸುತ್ತಿಗೆಗಳು ಅವನ ಸ್ವಂತದವು. ಅಷ್ಟರಿಂದಲೇ ಅವನನ್ನು ಸ್ವತಂತ್ರ ಕಸುಬುದಾರನೆಂದು ಕರೆದು, ಕಾರ್ಮಿಕನಿಗಿರುವ ರಕ್ಷಣೆಯನ್ನೂ ಕೊಡದೆ, ಮಾಲೀಕನಿಗಿರುವ ಹಕ್ಕನ್ನೂ ಕೊಡದೆ ನಡುವೆ ನಿಲ್ಲಿಸಲಾಗಿದೆ. ಸಾಲ ತಂದು ಸರಕು ಕೊಂಡು ಮಾರುವ ಸಣ್ಣ ವ್ಯಾಪಾರಿಗೂ ಈ ಸ್ಥಿತಿ ಅಪರಿಚಿತವಲ್ಲ.

ಮೊದಲು ಇತಿಹಾಸದ ಒಂದು ಮಾತು. ಜಕಣಾಚಾರಿ ಐತಿಹ್ಯದ ಪುರುಷ. ಜನರ ಬಾಯಲ್ಲಿ ಅವನೊಬ್ಬನೇ ನಾಡಿನ ಗುಡಿಗಳನ್ನೆಲ್ಲ ಕಟ್ಟಿದವನು. ಗುಡಿಗಳಲ್ಲಿ ಕೊರೆದ ಅಕ್ಷರಗಳು ಬೇರೆಯೇ ಕಥೆ ಹೇಳುತ್ತವೆ. 1117ರಲ್ಲಿ ಆರಂಭವಾದ ಬೇಲೂರಿನ ದೇವಾಲಯದ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಆ ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿನ ಹಳ್ಳಿ. ಮುಂದಿನ ಶತಮಾನದಲ್ಲಿ ಮಲ್ಲಿತಮ್ಮನೆಂಬವನ ಹೆಸರು ನುಗ್ಗೇಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಸಿಗುತ್ತದೆ. ಅಂದರೆ ಈ ಗುಡಿಗಳನ್ನು ಕಟ್ಟಿದವನು ಒಬ್ಬ ಪವಾಡಪುರುಷನಲ್ಲ. ಊರೂರುಗಳಿಂದ ಬಂದು, ತಂಡ ಕಟ್ಟಿಕೊಂಡು, ಕೂಲಿಗೆ ದುಡಿದು, ತಮ್ಮ ಕೆಲಸಕ್ಕೆ ತಮ್ಮ ಹೆಸರು ಹಾಕಿದ ಅನೇಕರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಸಂಭ್ರಮಪಟ್ಟ ನಾವು ಈ ಹೆಸರುಗಳಲ್ಲಿ ಎಷ್ಟನ್ನು ನಮ್ಮ ಮಕ್ಕಳಿಗೆ ಕಲಿಸಿದ್ದೇವೆ?

ಹಳೆಯ ಕಾಲದ ಕುಶಲಕರ್ಮಿಗಳ ಕೂಟಕ್ಕೆ ಪಾಂಚಾಳವೆಂಬ ಹೆಸರಿತ್ತು. ಕಬ್ಬಿಣ, ಮರ, ಕಂಚು, ಕಲ್ಲು, ಬಂಗಾರ ಎಂಬ ಐದು ಕೆಲಸಗಳವರು ಸೇರಿದ್ದರಿಂದ ಆ ಹೆಸರು. ಕಲ್ಲು ಕೆತ್ತುವವನಿಗೆ ಕಮ್ಮಾರನ ಉಳಿ ಬೇಕು, ವಿಗ್ರಹ ಎರಕ ಹೊಯ್ಯುವವನಿಗೆ ಬಡಗಿಯ ಸಹಾಯ ಬೇಕು. ಒಬ್ಬರ ಕೆಲಸ ಇನ್ನೊಬ್ಬರ ಕೆಲಸದ ಮೇಲೆ ನಿಂತಿತ್ತು. ಬೇರೆ ಬೇರೆ ಸಾಮಗ್ರಿಯವರು ಒಂದೇ ಸಂಘಟನೆಯಲ್ಲಿ ಇರಬೇಕೆಂಬ ತಿಳುವಳಿಕೆ ಅಂದಿನವರಿಗಿತ್ತು. ಆದರೆ ಆ ಕೂಟ ಜಾತಿಯ ಗೋಡೆಯೊಳಗೇ ಉಳಿಯಿತೆಂಬುದನ್ನೂ ನಾವು ಮರೆಮಾಚಬಾರದು. ಕಸುಬು ಹುಟ್ಟಿನಿಂದ ಬಂತು, ಹೆಣ್ಣುಮಕ್ಕಳ ದುಡಿಮೆ ಲೆಕ್ಕಕ್ಕೆ ಬರಲಿಲ್ಲ. ನಮಗೆ ಬೇಕಾದುದು ಹಳೆಯ ಒಗ್ಗಟ್ಟು, ಹಳೆಯ ಗೋಡೆಯಲ್ಲ.

ಇಂದು ನಾಡಿನಲ್ಲಿ ಎಷ್ಟು ಬಗೆಯ ಸಾಮಗ್ರಿಯಲ್ಲಿ ಕೆಲಸ ನಡೆಯುತ್ತಿದೆ ನೋಡಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲು. ಕಾರ್ಕಳದಲ್ಲಿ ಗಟ್ಟಿ ಕರಿಕಲ್ಲು. 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠಾಪಿತವಾದ 39 ಅಡಿ ಎತ್ತರದ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈಯವರು ಕೆತ್ತಿದ್ದು ಅಲ್ಲಿಯೇ. ಸಾಗರ, ಸೊರಬಗಳ ಗುಡಿಗಾರರು ಶ್ರೀಗಂಧ ಕೆತ್ತುತ್ತಾರೆ, ಅದೇ ಮನೆಗಳಲ್ಲಿ ಬೆಂಡಿನ ಬಾಸಿಂಗವನ್ನೂ ಮಾಡುತ್ತಾರೆ. ನಾಗಮಂಗಲದವರು ಮೇಣದಲ್ಲಿ ರೂಪ ಮಾಡಿ, ಅದರ ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದ ಮೇಲೆ ಹುಣಸೆ ಬೀಜದ ಅಂಟು ಬಳಸಿ ಬೊಂಬೆ ಮಾಡುತ್ತಾರೆ. ಚನ್ನಪಟ್ಟಣದಲ್ಲಿ ಆಲೆ ಮರ ಮತ್ತು ಅರಗು. ಬೀದರಿನಲ್ಲಿ ಸತು, ತಾಮ್ರ, ಬೆಳ್ಳಿಯ ತಂತಿ, ಕಪ್ಪು ಬಣ್ಣ ತರಲು ಹಳೇ ಕೋಟೆಯ ಮಣ್ಣು. ಇವುಗಳಲ್ಲಿ ಹಲವಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ಆಗಿದೆ. ಹೆಸರು ಕಾಪಾಡಲು ಅದು ಒಳ್ಳೆಯದೇ. ಆದರೆ ನೋಂದಣಿ ಪತ್ರ ಯಾರ ಅಂಗಳಕ್ಕೂ ಒಂದು ತುಂಡು ಮರ ತಂದುಹಾಕುವುದಿಲ್ಲ.

ಸಾಮಗ್ರಿ ಬದಲಾದಾಗ ಕಲೆಯೂ ಬದಲಾಗುತ್ತದೆ. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಚಾಲುಕ್ಯರ ಶಿಲ್ಪಿಗಳು ಮರಳುಗಲ್ಲಿನಲ್ಲಿ ದುಡಿದರು. ಮುಂದೆ ಲಕ್ಕುಂಡಿಯವರೂ ಹೊಯ್ಸಳರ ಕಾಲದವರೂ ಬಳಪದ ಕಲ್ಲನ್ನು ಹಿಡಿದರು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುವ ಆ ಕಲ್ಲು ಸಿಕ್ಕಿದ್ದರಿಂದಲೇ ಬೇಲೂರಿನ ಆ ಸಣ್ಣ ಕುಸುರಿ ಸಾಧ್ಯವಾಯಿತು. ಅಂದಮೇಲೆ ಶಿಲ್ಪಿಗೆ ಯಾವ ಸಾಮಗ್ರಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ತೀರ್ಮಾನಿಸುವವನು ಕಲೆಯ ಭವಿಷ್ಯವನ್ನೂ ತೀರ್ಮಾನಿಸುತ್ತಾನೆ. ಇಂದು ಆ ತೀರ್ಮಾನ ಯಾರ ಕೈಯಲ್ಲಿದೆ?

ಶ್ರೀಗಂಧವನ್ನೇ ತೆಗೆದುಕೊಳ್ಳೋಣ. ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ. ರಾಜ ಹೋಗಿ ಪ್ರಜಾಸರ್ಕಾರ ಬಂದರೂ ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದಾಗಿಯೇ ಉಳಿಯಿತು. ಬೆಳೆಯುವವನಿಗೆ ಅದು ಹೊರೆಯಾಯಿತು, ಕಳ್ಳನಿಗೆ ಲಾಭವಾಯಿತು, ಕಾಡು ಬರಿದಾಯಿತು. 2001ರ ಕಾಯಿದೆ ತಿದ್ದುಪಡಿ ಜಮೀನಿನವನಿಗೆ ಮರದ ಒಡೆತನ ಕೊಟ್ಟಿತು; ಅದು ಒಳ್ಳೆಯ ಹೆಜ್ಜೆ. ಆದರೆ ಬೆಳೆದವನ ಹಕ್ಕನ್ನು ಕುರಿತು ಯೋಚಿಸಿದ ಸರ್ಕಾರ ಕೆತ್ತುವವನ ಹಕ್ಕನ್ನು ಅಷ್ಟೇ ಗಂಭೀರವಾಗಿ ಯೋಚಿಸಲಿಲ್ಲ. ಎಣ್ಣೆ ಮತ್ತು ಸುಗಂಧದ ಉದ್ದಿಮೆ ಕೊಡುವ ಬೆಲೆಯ ಮುಂದೆ ಗುಡಿಗಾರ ನಿಲ್ಲಲಾರ. ಗಂಧ ಸಿಗದವನು ಶಿವಣೆಗೆ, ತೇಗಕ್ಕೆ ಇಳಿಯುತ್ತಾನೆ. ಇಳಿಯುವುದು ತಪ್ಪಲ್ಲ, ದಾರಿ ತೋರುವವರಿಲ್ಲದೆ ಒಬ್ಬೊಬ್ಬನೇ ಇಳಿಯಬೇಕಾಗಿರುವುದು ತಪ್ಪು.

ಆನೆಯ ದಂತದ ವಿಷಯದಲ್ಲಿಯೂ ಹೀಗೆಯೇ ಆಯಿತು. 1986 ಮತ್ತು 1991ರ ತಿದ್ದುಪಡಿಗಳು ದಂತದ ವ್ಯಾಪಾರವನ್ನು ನಿಲ್ಲಿಸಿದವು. ಆನೆ ಉಳಿಯಬೇಕು, ಆ ಕಾನೂನನ್ನು ನಾವು ಪೂರ್ತಿ ಒಪ್ಪುತ್ತೇವೆ. ಆದರೆ ಕಾನೂನು ಬರೆದವರು ದಂತ ಕೆತ್ತಿ ಬದುಕುತ್ತಿದ್ದ ಮನೆಗಳ ಮಾತನ್ನು ಅದೇ ಕಾಗದದಲ್ಲಿ ಬರೆಯಬೇಕಾಗಿತ್ತು. ಗಿರಣಿ ಮುಚ್ಚಿದರೆ ಪರಿಹಾರ ಕೇಳುತ್ತೇವೆ. ಸಾಮಗ್ರಿ ಮುಚ್ಚಿಹೋದವನೂ ಅದನ್ನು ಕೇಳಬಾರದೇಕೆ?

ಕಲ್ಲಿನ ಮಾತು ಇನ್ನೂ ಕಠಿಣ. ಹಣವುಳ್ಳವನು ಬಂಡೆಯ ಗುತ್ತಿಗೆ ಹಿಡಿಯುತ್ತಾನೆ. ಹಲಗೆ ಕೊಯ್ದು ಹೊರದೇಶಕ್ಕೆ ಕಳುಹಿಸುವ ಗ್ರಾನೈಟ್ ವ್ಯಾಪಾರಿಯ ಮುಂದೆ ಒಂದೆರಡು ತುಂಡು ಬೇಡುವ ಶಿಲ್ಪಿ ಗಿರಾಕಿಯೇ ಅಲ್ಲ. ಅದಕ್ಕಿಂತ ದೊಡ್ಡದು ಧೂಳಿನ ಪ್ರಶ್ನೆ. ಉಳಿ ಸುತ್ತಿಗೆಯ ಜಾಗಕ್ಕೆ ವಿದ್ಯುತ್ತಿನ ಗ್ರೈಂಡರ್ ಮತ್ತು ಕಟರ್ ಬಂದಿವೆ. ಕೆಲಸ ಬೇಗ ಆಗುತ್ತದೆ, ನವುರಾದ ಧೂಳೂ ಹೆಚ್ಚಾಗುತ್ತದೆ. ಕರಿಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಇಳಿದು ಗಾಯದ ಗಂಟುಗಳನ್ನು ಕಟ್ಟುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಔಷಧವಿಲ್ಲ. ಎಷ್ಟೋ ಸಲ ಅದನ್ನು ಕ್ಷಯವೆಂದು ತಿಳಿದು ಕ್ಷಯದ ಮಾತ್ರೆ ಕೊಡುತ್ತಾರೆ. ಹತ್ತಿಯ ಧೂಳು ಕುಡಿದು ಕೆಮ್ಮಿದ ನಮ್ಮ ಗಿರಣಿಯ ಸಂಗಾತಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1948ರ ಕಾರ್ಖಾನೆ ಕಾಯಿದೆ ಸಿಲಿಕೋಸಿಸನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ಯಂತ್ರಶಕ್ತಿ ಬಳಸಿದರೂ ಹತ್ತು ಜನರಿಲ್ಲದ ಜಾಗವನ್ನು ಅದು ಕಾರ್ಖಾನೆಯೆಂದು ಎಣಿಸಲಿಲ್ಲ. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಹೊಸ ಸಂಹಿತೆ ಆ ಹತ್ತನ್ನು ಇಪ್ಪತ್ತಕ್ಕೆ ಏರಿಸಿತು. ತಂದೆ, ಮಗ, ಇಬ್ಬರು ಶಿಷ್ಯರು ಕೂತು ಕೆತ್ತುವ ಚಪ್ಪರ ಈ ಎಣಿಕೆಗೆ ಎಂದೂ ಸಿಗುವುದಿಲ್ಲ. ಶ್ವಾಸಕೋಶಕ್ಕೆ ಹೋಗುವ ಧೂಳು ತಲೆ ಎಣಿಸಿ ಹೋಗುತ್ತದೆಯೇ? ರಾಜಸ್ಥಾನದ ಪಿಂಡವಾಡಾದಲ್ಲಿ ದೇಶದ ದೇವಾಲಯಗಳಿಗಾಗಿ ಕಲ್ಲು ಕೆತ್ತುವವರು ಇದೇ ರೋಗದಿಂದ ಸಾಯುತ್ತಿದ್ದಾರೆ. ಅಲ್ಲಿಯ ಕಾರ್ಮಿಕರು ಹೋರಾಡಿದ ಫಲವಾಗಿ ಆ ರಾಜ್ಯ 2019ರಲ್ಲಿ ಒಂದು ನೀತಿಯನ್ನು ತಂದಿತು: ರೋಗ ದೃಢಪಟ್ಟರೆ 3 ಲಕ್ಷ ರೂಪಾಯಿ, ಸತ್ತರೆ ಮನೆಯವರಿಗೆ 2 ಲಕ್ಷ. ಜೀವಕ್ಕೆ ಅದು ಬೆಲೆಯಲ್ಲ. ಆದರೆ ಶಿಲ್ಪಿಯೂ ಕಾರ್ಮಿಕನೆಂದು ಒಪ್ಪಿಕೊಂಡ ಒಂದು ಮಾತು.

ಕೇಂದ್ರ ಸರ್ಕಾರ ಸುಮ್ಮನೆ ಕೂತಿಲ್ಲ ಎಂದು ಕೆಲವರು ಹೇಳುತ್ತಾರೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿಯೂ ಇದ್ದಾನೆ. ಉಪಕರಣಕ್ಕೆ 15,000 ರೂಪಾಯಿ, ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಪಡೆಯುವವರು ಪಡೆಯಲಿ. ಆದರೆ ಈ ಯೋಜನೆ ಒಬ್ಬೊಬ್ಬನನ್ನೂ ಬೇರೆ ಬೇರೆಯಾಗಿ ಕರೆದು ಸಾಲ ಕೊಡುತ್ತದೆ. ಒಂದು ಕುಟುಂಬಕ್ಕೆ ಒಬ್ಬನೇ. ಉಜ್ಜಿ ನಯ ಮಾಡಿ ಬಣ್ಣ ಹಾಕುವ ಹೆಂಡತಿ, ಮಗಳು ಎಣಿಕೆಯಲ್ಲಿಲ್ಲ. ಉಳಿ ಕೊಟ್ಟು ಕಲ್ಲು ಕೊಡದಿದ್ದರೆ, ಸಾಲ ತೆಗೆದವನು ಆ ಹಣವನ್ನು ಕೊನೆಗೆ ಕೊಡುವುದು ಮರದ ವ್ಯಾಪಾರಿಗೆ, ಬಂಡೆಯ ಗುತ್ತಿಗೆದಾರನಿಗೆ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ಶಾಂತವೇರಿ ಗೋಪಾಲಗೌಡರು ಅವರೊಂದಿಗೆ ನಿಂತರು, ಡಾ. ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೇ ನೆಲ ಎಂಬ ಆ ಕೂಗು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯವರೆಗೆ ನಡೆಯಿತು. ಅದೇ ಸಾಗರದಲ್ಲಿ ಗಂಧ ಕೆತ್ತುವವನ ವಿಷಯದಲ್ಲಿ ನಮ್ಮ ಚಳವಳಿ ಅಂಥ ಕೂಗನ್ನು ಎತ್ತಿಲ್ಲ. ಉಳುವವನಿಗೆ ನೆಲ ನ್ಯಾಯವಾದರೆ ಕೆತ್ತುವವನಿಗೆ ಕಲ್ಲು, ಮರಗಳೂ ನ್ಯಾಯವೇ. ಒಬ್ಬೊಬ್ಬನಿಗೆ ಒಂದು ಬಂಡೆ ಕೊಡಲಾಗದು, ಕೊಡಬೇಕಾಗಿಯೂ ಇಲ್ಲ. ಅದನ್ನು ಪಡೆಯಬೇಕಾದುದು ಸಂಘ.

ಸಹಕಾರ ನಮಗೆ ಹೊಸದಲ್ಲ. 1905ರಲ್ಲಿಯೇ ಗದಗಿನ ಕಣಗಿನಹಾಳದಲ್ಲಿ ರೈತರು ಸಹಕಾರ ಸಂಘ ಕಟ್ಟಿದರು. ಶಿಲ್ಪಿಗಳೂ ಜಿಲ್ಲೆ ಜಿಲ್ಲೆಗಳಲ್ಲಿ ಕಲ್ಲು, ಮರ, ಲೋಹ, ಮಣ್ಣು ಎಂಬ ಭೇದವಿಲ್ಲದೆ, ಜಾತಿಮತ ಕೇಳದೆ, ಗಂಡು ಹೆಣ್ಣು ಇಬ್ಬರೂ ಸದಸ್ಯರಾಗುವ ಸಂಘಗಳನ್ನು ಕಟ್ಟಬೇಕು. ಸರ್ಕಾರದ ಮುಂದೆ ನಮ್ಮ ಒತ್ತಾಯಗಳು ಇವು. ಶಿಲ್ಪಕ್ಕೆ ಯೋಗ್ಯವಾದ ಕಲ್ಲಿರುವ ಕಡೆ ಸಣ್ಣ ಬಂಡೆಗಳನ್ನು ಈ ಸಂಘಗಳಿಗೇ ಗುತ್ತಿಗೆ ಕೊಡಬೇಕು. ಸರ್ಕಾರದ ಡಿಪೋಗಳ ಗಂಧದಲ್ಲಿ ಒಂದು ಪಾಲನ್ನು ಹರಾಜಿಗೆ ಮೊದಲೇ ಕೆತ್ತುವವರಿಗೆಂದು ತೆಗೆದಿಡಬೇಕು. ಆಲೆ, ಶಿವಣೆಗಳನ್ನು ಕಸುಬಿನ ಊರುಗಳ ಸುತ್ತ ನೆಡಿಸಬೇಕು. ಧೂಳು ಹೀರುವ, ನೀರು ಹಾಯಿಸುತ್ತ ಕೊಯ್ಯುವ ಸಾಮೂಹಿಕ ಕೆಲಸದ ಮನೆಗಳನ್ನು ಕಟ್ಟಿಸಬೇಕು. ವರ್ಷಕ್ಕೊಮ್ಮೆ ಎದೆಯ ಕ್ಷಕಿರಣ ಪರೀಕ್ಷೆ ನಡೆಸಿ, ರೋಗ ಬಂದವರಿಗೆ ಪರಿಹಾರ ಕೊಡಬೇಕು; ಅದಕ್ಕೆ ಹತ್ತು, ಇಪ್ಪತ್ತರ ಎಣಿಕೆ ಅಡ್ಡಬರಬಾರದು. ಮುಜರಾಯಿ ಇಲಾಖೆ ಮತ್ತು ನಗರಸಭೆಗಳು ಮೂರ್ತಿ ಮಾಡಿಸುವಾಗ ಗುತ್ತಿಗೆದಾರನ ಬದಲು ಸಂಘಕ್ಕೇ ಕೆಲಸ ಒಪ್ಪಿಸಬೇಕು, ಪೀಠದಲ್ಲಿ ಉದ್ಘಾಟಕರ ಹೆಸರಿನ ಜೊತೆಗೆ ಕೆತ್ತಿದವರ ಹೆಸರನ್ನೂ ಬರೆಸಬೇಕು.

ನಮ್ಮ ಓದುಗರಲ್ಲೂ ಎರಡು ಮಾತು. ಅಂಗಡಿಯ ಬಂಧುಗಳೇ, ಅಚ್ಚಿನಲ್ಲಿ ಹೊಯ್ದು ಪೆಟ್ಟಿಗೆ ಪೆಟ್ಟಿಗೆಯಾಗಿ ಬರುವ ರಾಳದ ಬೊಂಬೆಗಳ ಲಾಭ ಕೊನೆಗೆ ದೊಡ್ಡ ಸಗಟು ವ್ಯಾಪಾರಿಗೇ ಹೋಗುತ್ತದೆ. ಶಿಲ್ಪಿಗಳ ಸಂಘದಿಂದ ನೇರವಾಗಿ ಸರಕು ತಂದರೆ ನಿಮಗೂ ಅವರಿಗೂ ನಡುವಿನ ದಲ್ಲಾಳಿ ತಪ್ಪುತ್ತಾನೆ. ಗಿರಣಿಯ ಸಂಗಾತಿಗಳೇ, ನಿಮ್ಮ ಊರಿನಲ್ಲಿ ಕಲ್ಲು ಕೆತ್ತುವವರು, ಮರ ಕೆತ್ತುವವರು ಎಲ್ಲಿದ್ದಾರೆಂದು ಹುಡುಕಿ, ನಿಮ್ಮ ಸಂಘದ ಮುಂದಿನ ಸಭೆಗೆ ಅವರನ್ನು ಕರೆಯಿರಿ. ಸದಸ್ಯಪಟ್ಟಿ ಬರೆಯುವುದು, ಅರ್ಜಿ ಕೊಡುವುದು, ಅಧಿಕಾರಿಯ ಮುಂದೆ ಕೂತು ಮಾತಾಡುವುದು ನಿಮಗೆ ಬರುತ್ತದೆ. ಒಬ್ಬಂಟಿಯಾಗಿ ಚಪ್ಪರದಡಿ ಕೂತವನಿಗೆ ಅದನ್ನು ಕಲಿಸಿ. ಬರುವ ಜನವರಿ 1ರೊಳಗೆ ಪ್ರತಿ ತಾಲ್ಲೂಕಿನಿಂದ ಇಂಥ ಒಂದೊಂದು ಅರ್ಜಿಯಾದರೂ ಸರ್ಕಾರಕ್ಕೆ ಮುಟ್ಟಲಿ. ಶಿಲ್ಪಿಯ ಸಂಸ್ಮರಣೆ ಅಂದು ನಿಜವಾಗಿಯೂ ನಡೆದಂತಾಗುತ್ತದೆ.